ಥಾಯ್ ನಾಡು ಯಾರ ತಾಯಿನಾಡು?

ಬ್ಯಾಂಕಾಕ್‌ನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಅಮ್ಮನ ಫೋನ್ ಬಂದ ಕೂಡಲೇ ಎದ್ದು ಮೆಟ್ಟಿಲ ಕಡೆ ಹೋಗುತ್ತಿದ್ದಳು. ಬೇರೆ ಯಾರ ಫೋನ್ ಬಂದರೂ ಕೂತಲ್ಲೇ ಮಾತಾಡುವವಳು. ಮನೆಯಲ್ಲಿ ಏನೋ ತೊಂದರೆ ಇರಬಹುದು ಅಂದುಕೊಂಡಿದ್ದೆ. ಆರು ತಿಂಗಳಾದ ಮೇಲೆ ಒಂದು ದಿನ ಅವಳೇ ಹೇಳಿದಳು. "ಪೀ, ಅಮ್ಮನ ಹತ್ತಿರ ನಾನು ಈಸಾನ್ ಮಾತಾಡ್ತೀನಿ. ಇಲ್ಲಿ ಯಾರಾದರೂ ಕೇಳಿಸಿಕೊಂಡರೆ ಹಳ್ಳಿಯವಳು ಅಂತಾರೆ." ಪೀ ಅಂದರೆ ತಮಗಿಂತ ದೊಡ್ಡವರನ್ನು ಕರೆಯುವ ಮಾತು. ನಮ್ಮ ಅಣ್ಣ, ಅಕ್ಕ ಎರಡಕ್ಕೂ ಅಲ್ಲಿ ಅದೊಂದೇ.

ನಾನು ಮನೆಯಲ್ಲಿ ತುಳು ಮಾತಾಡುತ್ತಾ ಬೆಳೆದವನು. ಕನ್ನಡ ಶಾಲೆಯಲ್ಲಿ ಕಲಿತದ್ದು, ಓದಿದ್ದು, ಈಗ ಬರೆಯುತ್ತಿರುವುದು. ಎರಡೂ ನನ್ನವೇ. ಹಾಗಾಗಿ ಅವಳು ಹೇಳಿದ್ದು ನನ್ನನ್ನು ಸುಮ್ಮನೆ ಬಿಡಲಿಲ್ಲ. ಅಮ್ಮನ ಜೊತೆ ಮಾತಾಡುವುದಕ್ಕೆ ಮೆಟ್ಟಿಲ ಹತ್ತಿರ ಹೋಗಬೇಕಾದ ಸ್ಥಿತಿ ಒಂದು ದೇಶದಲ್ಲಿ ಹೇಗೆ ಬಂತು? ಅಲ್ಲಿದ್ದ ಮೂರು ವರ್ಷವೂ ಇದೇ ಪ್ರಶ್ನೆ ತಲೆಯಲ್ಲಿತ್ತು. ನಮ್ಮಲ್ಲಿ ಥಾಯ್ಲೆಂಡ್ ಅಂದರೆ ಬೀಚು, ಶಾಪಿಂಗ್ ಅಷ್ಟಕ್ಕೇ ಮಾತು ಮುಗಿದುಹೋಗುತ್ತದೆ. ಆ ಜನರ ಬಗ್ಗೆ ಸ್ವಲ್ಪ ಮಾತಾಡೋಣ ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಈಸಾನ್ ಎಂಬ ಹೆಸರು ನಮಗೆ ಗೊತ್ತಿರುವುದೇ. ಈಶಾನ್ಯ ದಿಕ್ಕಿನ ಈಶಾನ. ದೇಶದ ಈಶಾನ್ಯದ 20 ಪ್ರಾಂತ್ಯಗಳಿಗೆ ಬ್ಯಾಂಕಾಕ್ ಕೊಟ್ಟ ಹೆಸರು ಅದು. ದೇಶದ ಮೂರರಲ್ಲಿ ಒಂದು ಪಾಲು ಜನ ಅಲ್ಲಿಯವರು. ಅವರಲ್ಲಿ ಹೆಚ್ಚಿನವರ ಮಾತು ಲಾವೋ. ಲಾವೋಸ್ ದೇಶದಲ್ಲಿ ಇರುವುದಕ್ಕಿಂತ ಜಾಸ್ತಿ ಲಾವೋ ಮಾತಿನ ಜನ ಥಾಯ್ಲೆಂಡಿನಲ್ಲಿದ್ದಾರೆ! ಆದರೆ ಆ ಜನರ ಹೆಸರಿನಿಂದ 'ಲಾವೋ' ಜಾರಿಹೋಗಿ ಬರೀ ದಿಕ್ಕು ಉಳಿದಿದೆ. ಯಾವ ಊರಿನಿಂದ ನೋಡಿದರೆ ಈಶಾನ್ಯ ಎಂದು ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ.

1939ರವರೆಗೆ ಈ ದೇಶಕ್ಕೆ ಹೊರಗಿನವರ ಬಾಯಲ್ಲಿ, ಕಾಗದಪತ್ರಗಳಲ್ಲಿ ಇದ್ದ ಹೆಸರು ಸಿಯಾಮ್. 1932ರ ಜೂನ್ 24ರಂದು ಒಂದು ಗುಂಪು ರಾಜನ ಸರ್ವಾಧಿಕಾರ ಮುಗಿಸಿ ಸಂವಿಧಾನದ ಆಡಳಿತ ತಂದಿತು. ಆ ಗುಂಪಿನಲ್ಲಿದ್ದ ಸೇನಾಧಿಕಾರಿ ಫಿಬುನ್ ಸೊಂಗ್‌ಖ್ರಾಮ್ ಮುಂದೆ ಪ್ರಧಾನಿಯಾದ. ಸರಿಯಾಗಿ ಏಳು ವರ್ಷದ ನಂತರ, ಅದೇ ಜೂನ್ 24ರಂದು, ದೇಶದ ಹೆಸರು ಇನ್ನು ಮುಂದೆ ಥಾಯ್ಲೆಂಡ್ ಎಂದು ಆಜ್ಞೆ ಹೊರಡಿಸಿದ. ಇಂಥ 12 ಆಜ್ಞೆಗಳು 1942ರವರೆಗೆ ಬಂದವು. ಅದೇ ಕಾಲದಲ್ಲಿ ಎಲೆ ಅಡಿಕೆ ಹಾಕುವುದನ್ನು ನಿಲ್ಲಿಸಿದರು. ಹೊರಗೆ ಹೋಗುವಾಗ ಟೋಪಿ ಹಾಕಿ ಅಂದರು. ಅಡಿಕೆ ಬೆಳೆಯುವ ಊರಿನವನಾದ ನನಗೆ, ಅಜ್ಜಿಯರ ಕೈಯಿಂದ ಎಲೆಪೆಟ್ಟಿಗೆ ಕಿತ್ತುಕೊಂಡ ಸರಕಾರ ಎಂಥದ್ದು ಎಂದು ಯೋಚಿಸಿದರೇ ಬೇಸರವಾಗುತ್ತದೆ.

ಎಲ್ಲಕ್ಕಿಂತ ನನಗೆ ನೋವು ಕೊಡುವುದು ಮೂರನೆಯ ಆಜ್ಞೆ. ಇನ್ನು ಮುಂದೆ ಯಾರೂ ಉತ್ತರದ ಥಾಯ್, ದಕ್ಷಿಣದ ಥಾಯ್, ಮುಸ್ಲಿಂ ಥಾಯ್ ಎಂದು ಹೇಳಬಾರದು, ಎಲ್ಲರೂ ಥಾಯ್, ಅಷ್ಟೇ. ಮೊದಲ ಸಲ ಓದಿದಾಗ ಚೆನ್ನಾಗಿದೆಯಲ್ಲ ಅನಿಸುತ್ತದೆ. ಎಲ್ಲರೂ ಸಮಾನರು ಅಂದ ಹಾಗೆ ಕೇಳಿಸುತ್ತದೆ. ಆದರೆ ನನ್ನ ಮನೆಗೆ ಬಂದು, 'ನೀನು ನಮ್ಮವನೇ, ಆದರೆ ನಿನ್ನ ಹೆಸರು ಮಾತ್ರ ಹೇಳಬೇಡ' ಅಂದರೆ ಅದು ಪ್ರೀತಿಯೇ? ಆಫೀಸಿನ ಆ ಗೆಳತಿಯ ಅಪ್ಪ ಚಿಕ್ಕವರಿದ್ದಾಗ ಶಾಲೆಯಲ್ಲಿ ಲಾವೋ ಮಾತು ಬಾಯಿಗೆ ಬಂದರೆ ದಂಡ ಕಟ್ಟಬೇಕಿತ್ತಂತೆ.

ಹೆಸರು ಬದಲಿಸಿದವರ ಕಡೆಗೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಲ್ಲಿನ ಸಾಮಾನ್ಯ ಜನ ತಮ್ಮ ದೇಶವನ್ನು ಮೊದಲಿನಿಂದಲೂ 'ಮುಆಂಗ್ ಥಾಯ್' ಅನ್ನುತ್ತಿದ್ದರು. ಇಂದಿಗೂ ಹಾಗೇ ಅನ್ನುತ್ತಾರೆ. ಮುಆಂಗ್ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಮಾತಿಲ್ಲ, ಕನ್ನಡದಲ್ಲಿ ಇದೆ. ನಾಡು. ಬೆಟ್ಟಗಳ ನಡುವೆ ಒಂದು ಹೊಳೆ, ಅದರ ಬಯಲಿನ ಗದ್ದೆ, ಅದರ ಸುತ್ತಲಿನ ಊರುಗಳು, ಒಬ್ಬ ಒಡೆಯ, ಇಷ್ಟು ಸೇರಿದರೆ ಒಂದು ಮುಆಂಗ್. ಇಡೀ ದೇಶವೂ ಮುಆಂಗ್. ನಾವು ತುಳುನಾಡು, ಮಲೆನಾಡು, ಕನ್ನಡನಾಡು ಅನ್ನುವ ಹಾಗೆಯೇ. ಒಂದು ನಾಡಿನೊಳಗೆ ಇನ್ನೊಂದು ನಾಡು ಆರಾಮವಾಗಿ ಕೂರುತ್ತದೆ, ಅಲ್ವಾ?

ಇನ್ನೊಂದು ಪದ 'ಛಾತ್'. ರಾಷ್ಟ್ರ ಅನ್ನುವುದಕ್ಕೆ ಅವರು ಬಳಸುವ ಪದ. ಅದು ನಮ್ಮ ಜಾತಿಯೇ! ಹುಟ್ಟು, ಜನ್ಮ ಎಂಬ ಅರ್ಥವೂ ಅದಕ್ಕಿದೆ. ಅವರ ಬಾವುಟದ ಹೆಸರು 'ತ್ರೈರೋಂಗ್', ಅಂದರೆ ತ್ರಿರಂಗ. 1917ರಲ್ಲಿ ಆರನೇ ರಾಮ ಎನಿಸಿಕೊಂಡ ರಾಜ ವಜಿರಾವುಧ್ ತಂದದ್ದು. ಕೆಂಪು ರಾಷ್ಟ್ರಕ್ಕೆ, ಬಿಳಿ ಧರ್ಮಕ್ಕೆ, ನೀಲಿ ರಾಜನಿಗೆ. ಇವೆಲ್ಲ ನಮ್ಮ ಕಡೆಯಿಂದ ಹೋದ ಪದಗಳು ಎಂದು ಹೆಮ್ಮೆಪಟ್ಟು ಅಲ್ಲಿಗೇ ನಿಲ್ಲುವವರನ್ನು ಬಹಳ ನೋಡಿದ್ದೇನೆ. ನನಗೆ ಹೊಳೆದದ್ದು ಬೇರೆ. ಹುಟ್ಟು ಎಂಬ ಅರ್ಥದ ಪದವೇ ರಾಷ್ಟ್ರದ ಪದವಾದಾಗ, ಹುಟ್ಟಿನಿಂದ ಥಾಯ್ ಅಲ್ಲದವರು ಎಲ್ಲಿ ನಿಲ್ಲಬೇಕು?

ಇಲ್ಲಿ ನಮ್ಮದೇ ಕಥೆ ನೆನಪಾಗದೆ ಇರುವುದಿಲ್ಲ. ನಮ್ಮ ರಾಜ್ಯದ ಹೆಸರು ಮೈಸೂರು ಎಂದಿತ್ತು. ಧಾರವಾಡದವರಿಗೆ, ಬೀದರಿನವರಿಗೆ, ಮಂಗಳೂರಿನವರಿಗೆ ಅದು ತಮ್ಮ ಹೆಸರು ಅನಿಸಲಿಲ್ಲ. 1973ರ ನವೆಂಬರ್ 1ರಂದು ಕರ್ನಾಟಕ ಆಯಿತು. ಒಂದು ಊರಿನ, ಒಂದು ಅರಮನೆಯ ಹೆಸರು ಹೋಗಿ ದೊಡ್ಡ ಹೆಸರು ಬಂತು. ಇಲ್ಲಿ ಬಾಗಿಲು ಅಗಲವಾಯಿತು. ಅಲ್ಲಿ ಬಾಗಿಲು ಕಿರಿದಾಯಿತು. ಸಿಯಾಮ್ ಯಾವ ಒಂದು ಜನರ ಹೆಸರೂ ಆಗಿರಲಿಲ್ಲ. ಲಾವೋ, ಮಲಯ್, ಖಮೇರ್, ಮೋನ್, ಚೀನೀ, ಕರೆನ್ ಎಲ್ಲರೂ ಅದರಡಿ ಇರಬಹುದಿತ್ತು. 1945ರಲ್ಲಿ ಸಿಯಾಮ್ ಎಂಬ ಹೆಸರು ಮರಳಿ ಬಂತು, 1949ರಲ್ಲಿ ಮತ್ತೆ ಥಾಯ್ಲೆಂಡ್ ಆಯಿತು. ಚಿಂತಕ ಸುಲಕ್ ಶಿವರಕ್ಷ ಇಂದಿಗೂ ತಮ್ಮ ದೇಶವನ್ನು ಸಿಯಾಮ್ ಎಂದೇ ಕರೆಯುತ್ತಾರೆ. ನನಗೆ ಅವರ ಮಾತು ಸರಿ ಅನಿಸುತ್ತದೆ.

ಥಾಯ್ ಜನರ ಮೂಲ ಎಲ್ಲಿ ಎಂಬ ಪ್ರಶ್ನೆ ಇದೆ. ಮಂಗೋಲಿಯಾ ಕಡೆಯ ಅಲ್ತಾಯ್ ಬೆಟ್ಟದಿಂದ ಇಳಿದು ಬಂದರು ಎಂದು ಹಿಂದೆ ಅಲ್ಲಿನ ಮಕ್ಕಳಿಗೆ ಪಾಠ ಇತ್ತು. ಈಗ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ದಕ್ಷಿಣ ಚೀನಾದ ಗುವಾಂಗ್ಶಿ ಮತ್ತು ಉತ್ತರ ವಿಯೆಟ್ನಾಮಿನ ಗಡಿ ಕಡೆಯಿಂದ, ಗದ್ದೆಗೆ ನೀರಿರುವ ಕಣಿವೆಗಳನ್ನು ಹುಡುಕುತ್ತಾ, ನೂರಾರು ವರ್ಷ ನಿಧಾನವಾಗಿ ಹರಡಿದರು ಎನ್ನುತ್ತಾರೆ. ಅದೇ ಬಳ್ಳಿಯ ಒಂದು ಕವಲು ನಮ್ಮ ಅಸ್ಸಾಮಿಗೂ ಬಂದಿದೆ. 1228ರಲ್ಲಿ ಸುಕಾಫಾ ಪಟ್ಕಾಯ್ ಬೆಟ್ಟ ದಾಟಿ ಬಂದು ಕಟ್ಟಿದ ಅಹೋಮ್ ರಾಜ್ಯ ಸುಮಾರು 600 ವರ್ಷ ಬಾಳಿತು. ಆದರೆ ಅವರು ಅಸ್ಸಾಮಿ ಮಾತು ಕಲಿತರು, ಅಲ್ಲಿಯವರೇ ಆದರು. ಬಂದ ಜನ ಇರುವ ನಾಡಿನ ಜನವಾಗುವುದು ಹೀಗೂ ಇದೆ.

ಅಂಥ ಬೆರಕೆ ಥಾಯ್ಲೆಂಡಿನಲ್ಲೂ ಎಲ್ಲೆಲ್ಲೂ ಇದೆ. 1767ರಲ್ಲಿ ಬರ್ಮಾ ಸೇನೆ ಆಗಿನ ರಾಜಧಾನಿ ಅಯುತ್ಥಯ ನಗರವನ್ನು ಸುಟ್ಟ ಮೇಲೆ ನಾಡನ್ನು ಮತ್ತೆ ಒಗ್ಗೂಡಿಸಿದ ತಾಕ್ಸಿನ್ ರಾಜನ ತಂದೆ ಚೀನೀ ಮೂಲದವರು. ಇಡೀ ದೇಶ ಎದ್ದು ನಿಲ್ಲುವ ರಾಷ್ಟ್ರಗೀತೆಗೆ ರಾಗ ಹಾಕಿದ ಫ್ರಾ ಚೆನ್‌ದುರಿಯಾಂಗ್ ಅವರ ತಂದೆ ಜರ್ಮನ್ ಮೂಲದವರು, ತಾಯಿ ಮೋನ್ ಜನದವರು. ಬ್ಯಾಂಕಾಕ್‌ನ ವಾಟ್ ಫ್ರಾ ಕೇವ್ ದೇವಾಲಯದ ಪಚ್ಚೆ ಬುದ್ಧನನ್ನು ರಾಷ್ಟ್ರದ ಕಾವಲು ಎಂದು ನಂಬುತ್ತಾರೆ. ವರ್ಷಕ್ಕೆ ಮೂರು ಸಲ, ಋತು ಬದಲಾದಾಗ, ಅದಕ್ಕೆ ಬಟ್ಟೆ ಬದಲಿಸುವುದು ರಾಜನ ಕೆಲಸ. ಆ ಬುದ್ಧ ಲಾವೋ ರಾಜರ ಬಳಿ ಇನ್ನೂರಕ್ಕೂ ಜಾಸ್ತಿ ವರ್ಷ ಇದ್ದವನು. 1779ರಲ್ಲಿ ಲಾವೋ ರಾಜಧಾನಿ ವಿಯೆಂಟಿಯಾನ್ ಗೆದ್ದ ಸಿಯಾಮ್ ಸೇನೆ ಅವನನ್ನು ತಂದಿತು. ಬುದ್ಧನನ್ನು ಇಷ್ಟು ಪ್ರೀತಿಯಿಂದ ಇಟ್ಟುಕೊಂಡವರು ಅವನ ಊರಿನ ಮಾತನ್ನು ಯಾಕೆ ಕೀಳಾಗಿ ನೋಡಬೇಕು?

ದಕ್ಷಿಣದ ತುದಿಯ ಕಥೆ ಇನ್ನೂ ಕಷ್ಟದ್ದು. ಪತ್ತಾನಿ, ಯಾಲಾ, ನರಾಥಿವಾತ್‌ಗಳಲ್ಲಿ ಹೆಚ್ಚಿನವರು ಮಲಯ್ ಮಾತಾಡುವ ಮುಸ್ಲಿಮರು. 2004ರಿಂದ ಅಲ್ಲಿ ನಡೆದಿರುವ ಹಿಂಸೆಯಲ್ಲಿ 7,000ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಬೇರೆಯಾಗಬೇಕು ಎನ್ನುವ ಬಂಡುಕೋರರು ಶಾಲೆಯ ಮೇಷ್ಟ್ರುಗಳನ್ನು ಕೊಂದಿದ್ದಾರೆ. ಅದನ್ನು ಯಾವ ನೆಪದಿಂದಲೂ ಒಪ್ಪಲಾಗದು. 2004ರ ಅಕ್ಟೋಬರ್ 25ರಂದು ತಾಕ್ ಬಾಯ್ ಎಂಬಲ್ಲಿ ಪ್ರತಿಭಟನೆ ಮಾಡಿದವರ ಕೈ ಹಿಂದಕ್ಕೆ ಕಟ್ಟಿ, ಸೇನೆಯ ಲಾರಿಗಳಲ್ಲಿ ಒಬ್ಬರ ಮೇಲೊಬ್ಬರನ್ನು ಹೇರಿದರು. ದಾರಿಯಲ್ಲೇ 78 ಜನ ಸತ್ತರು. 20 ವರ್ಷ ಕಳೆದು 2024ರಲ್ಲಿ ಆ ಕೇಸಿನ ಅವಧಿಯೇ ಮುಗಿದುಹೋಯಿತು. ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಸತ್ತವರ ಹೆಂಡತಿ ಮಕ್ಕಳಿಗೆ 'ನೀವೂ ಥಾಯ್' ಎಂದು ಯಾವ ಬಾಯಲ್ಲಿ ಹೇಳುವುದು?

ಹಾಗೆಂದು ಆ ಜನರ ಮೇಲೆ ನನಗೆ ಸಿಟ್ಟಿಲ್ಲ. ಇರುವುದು ಪ್ರೀತಿ. 2018ರ ಜೂನ್‌ನಲ್ಲಿ ಚಿಯಾಂಗ್ ರಾಯ್‌ನ ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಫುಟ್‌ಬಾಲ್ ಕೋಚ್ ಸಿಕ್ಕಿಹಾಕಿಕೊಂಡಾಗ ನಾನು ಬ್ಯಾಂಕಾಕ್‌ನಲ್ಲೇ ಇದ್ದೆ. ಆಫೀಸಿನಲ್ಲಿ ಯಾರಿಗೂ ಕೆಲಸ ಮಾಡುವ ಮನಸ್ಸಿರಲಿಲ್ಲ. ಗುಹೆಯ ನೀರನ್ನು ಪಂಪ್ ಮಾಡಿ ತಮ್ಮ ಗದ್ದೆಗೆ ಬಿಟ್ಟಾಗ ಬೆಳೆ ಹೋದರೂ ಪರವಾಗಿಲ್ಲ ಎಂದ ರೈತರ ಸುದ್ದಿ ಓದಿ ಕಣ್ಣು ತುಂಬಿತ್ತು. ಮಕ್ಕಳಿಗಾಗಿ ಸಮನ್ ಕುನಾನ್ ಎಂಬ ಮಾಜಿ ನೌಕಾಪಡೆಯ ಮುಳುಗುಗಾರ ಪ್ರಾಣ ಕೊಟ್ಟ. ಅವನು ಈಸಾನಿನವನು.

ಆಗ ಹೊರಬಿದ್ದ ಒಂದು ವಿಷಯ ಎಲ್ಲರನ್ನೂ ಬೆಚ್ಚಿಬೀಳಿಸಿತು. ಆ ಮಕ್ಕಳಲ್ಲಿ ಮೂವರಿಗೆ ಮತ್ತು ಕೋಚ್‌ಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ಬ್ರಿಟಿಷ್ ಮುಳುಗುಗಾರರು ಕತ್ತಲಲ್ಲಿ ಸಿಕ್ಕಾಗ ಇಂಗ್ಲಿಷಿನಲ್ಲಿ ಎಲ್ಲರ ಪರವಾಗಿ ಮಾತಾಡಿದ 14 ವರ್ಷದ ಹುಡುಗನೂ ಆ ಮೂವರಲ್ಲಿ ಒಬ್ಬ. ಇಡೀ ಥಾಯ್ಲೆಂಡ್ ತನ್ನ ಮಕ್ಕಳು ಎಂದು ಅತ್ತದ್ದು ಯಾರಿಗಾಗಿ? ಕಾಗದದಲ್ಲಿ ಥಾಯ್ ಅಲ್ಲದವರಿಗಾಗಿಯೂ ಅತ್ತಿತು. ಅಳುವಾಗ ಯಾರೂ ಕಾಗದ ಕೇಳಲಿಲ್ಲ. ಆ ಆಗಸ್ಟ್‌ನಲ್ಲಿ ನಾಲ್ವರಿಗೂ ಪೌರತ್ವ ಸಿಕ್ಕಿತು. 2024ರಲ್ಲಿ ಸರಕಾರ ಇಂಥ ಸುಮಾರು 4.8 ಲಕ್ಷ ಜನರಿಗೆ ಬೇಗ ಕಾಗದ ಕೊಡುವ ತೀರ್ಮಾನ ಮಾಡಿತು. ಅವರಲ್ಲಿ ಹೆಚ್ಚಿನವರು ಗುಡ್ಡಗಾಡಿನ ಜನ ಮತ್ತು ಅವರ ಮಕ್ಕಳು. ಈ ಸುದ್ದಿ ಬಂದ ದಿನ ನಾನು ಗೆಳತಿಗೆ ಮೆಸೇಜ್ ಮಾಡಿ ಸಂತೋಷ ಹೇಳಿಕೊಂಡಿದ್ದೆ.

ಅವಳ ಊರು ನೋಂಗ್ ಖಾಯ್ ಹತ್ತಿರ, ಮೆಕಾಂಗ್ ದಡದಲ್ಲಿ. ಥಾಯ್ಲೆಂಡ್ ಬಿಟ್ಟು ಹೊರಡುವ ಮೊದಲು ಒಂದು ಸಲ ರಾತ್ರಿ ರೈಲಿನಲ್ಲಿ ಅಲ್ಲಿಗೆ ಹೋಗಿದ್ದೆ. ನದಿಯನ್ನು ಅವರು 'ಮೇ ನಾಮ್' ಅನ್ನುತ್ತಾರೆ, ತಾಯಿ ನೀರು. ಆಚೆ ದಡ ಲಾವೋಸ್. 1893ರಲ್ಲಿ ಫ್ರೆಂಚರ ಯುದ್ಧನೌಕೆಗಳು ಬ್ಯಾಂಕಾಕ್ ತನಕ ಬಂದು ಬೆದರಿಸಿದ ಮೇಲೆ ಆಚೆ ದಡ ಅವರದಾಯಿತು, ಈಚೆ ದಡ ಸಿಯಾಮಿಗೆ ಉಳಿಯಿತು. ಒಂದೇ ಮಾತಿನ ಜನ ಎರಡು ದೇಶವಾದರು. ಗೆಳತಿಯ ಅಮ್ಮ ಆಚೆ ಕೈ ತೋರಿಸಿ, ತಮ್ಮ ಅಜ್ಜಿ ಹುಟ್ಟಿದ ಊರು ಅದೇ ಅಂದರು.

ನನ್ನನ್ನು ಕಂಡ ಕೂಡಲೇ ಅವರು ಕೇಳಿದ ಮೊದಲ ಮಾತು, "ಕಿನ್ ಖಾವ್ ಲೇವ್ ಬೊ?" ಊಟ ಆಯ್ತಾ ಎಂದು. ನನ್ನ ಅಮ್ಮನೂ ಫೋನ್ ಎತ್ತಿದ ಕೂಡಲೇ ಕೇಳುವುದು ಅದನ್ನೇ, ಒಣಸ್ ಆಂಡಾ?

ಸಂಜೆ ಜಗಲಿಯಲ್ಲಿ ಕೂತಿದ್ದೆವು. ಮಧ್ಯದಲ್ಲಿ ಬಿದಿರಿನ ಬುಟ್ಟಿಯಲ್ಲಿ ಬಿಸಿ ಅಂಟನ್ನ, ಒಳಕಲ್ಲಿನಲ್ಲಿ ಕುಟ್ಟಿದ ಪಪ್ಪಾಯಿ, ಸುಟ್ಟ ಹೊಳೆಮೀನು. ಆರು ಗಂಟೆಗೆ ಊರಿನ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂತು. ಅಮ್ಮ ಕೈ ಒರೆಸಿಕೊಂಡು ಎದ್ದರು. ಮಂಡಿ ನೋವಿತ್ತು, ಕಂಬ ಹಿಡಿದು ನೇರ ನಿಂತರು. ಗೆಳತಿಯೂ ನಿಂತಳು, ನಾನೂ ನಿಂತೆ. ಗೀತೆ ಮುಗಿದ ಮೇಲೆ ಅಮ್ಮ ಕೂತು, ಬುಟ್ಟಿಯನ್ನು ನನ್ನ ಕಡೆ ಸರಿಸಿ, ಇನ್ನೂ ಸ್ವಲ್ಪ ತಗೋ ಎಂದು ಲಾವೋದಲ್ಲೇ ಹೇಳಿದರು. ಗೆಳತಿ ಅಷ್ಟೇ ಗಟ್ಟಿಯಾಗಿ, ಲಾವೋದಲ್ಲೇ, ಅವನಿಗೆ ಖಾರ ಜಾಸ್ತಿಯಾಗಿದೆ ಅಮ್ಮಾ ಅಂದಳು.