ಪತ್ರಾಸಿನ ಕೆಳಗೆ ಫೋಮ್ ಹೊಡೆಸಿದ್ದೇ ತಪ್ಪಾಯಿತಂತೆ

ನಾಲ್ಕು ವರ್ಷದಿಂದ ಒಂದು ಸಲವೂ ತಪ್ಪಿಸದೆ ಮನೆಯ ವಿಮೆ ಕಟ್ಟಿದ್ದೇನೆ. ಈಗ ಕಂಪನಿಯಿಂದ ಪತ್ರ ಬಂದಿದೆ: ಚಾವಣಿಯಲ್ಲಿ ಮಾಡಿದ ಬದಲಾವಣೆ ತಿಳಿಸಿಲ್ಲ, ಕ್ಲೇಮ್ ಕೊಡಲು ಬರುವುದಿಲ್ಲ. ಓದಿದಾಗಿನಿಂದ ಹೊಟ್ಟೆ ಉರಿಯುತ್ತಿದೆ.

ನಾನೇನು ಇನ್ನೊಂದು ಮಹಡಿ ಕಟ್ಟಿದೆನಾ? ಚಾವಣಿಯ ಪತ್ರಾಸಿನ, ಅಂದರೆ ತಗಡಿನ ಶೀಟಿನ ಕೆಳಗೆ ಫೋಮ್ ಹೊಡೆಸಿದೆ, ಅಷ್ಟೇ.

ವಿಜಯಪುರದ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್ ಬಂದರೆ 40 ಡಿಗ್ರಿ ದಾಟುತ್ತದೆ. ಅಪ್ಪನ ಕಾಲದಲ್ಲಿ ನಮ್ಮದು ಮಣ್ಣಿನ ಚಾವಣಿಯ ಮೇಲ್ಮುದ್ದೆ ಮನೆ, ಒಳಗೆ ತಂಪಾಗಿತ್ತು. ಅದು ಸೋರಲು ಶುರುವಾದ ಮೇಲೆ ಮಣ್ಣು ತೆಗೆಸಿ, ತೊಲೆಗಳನ್ನು ಹಾಗೇ ಬಿಟ್ಟು ಪತ್ರಾಸ್ ಹಾಕಿಸಿದೆವು. ಆಮೇಲೆ ಮಧ್ಯಾಹ್ನ ಆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಅವ್ವನಿಗೆ ಬಿ.ಪಿ. ಬೇರೆ. ಹೋದ ವರ್ಷ ಮಾರ್ಚ್‌ನಲ್ಲಿ ಸಾಲ ಮಾಡಿ ಪಿಯು (ಪಾಲಿಯುರೆಥೇನ್) ಫೋಮ್ ಹೊಡೆಸಿದೆ. ಎರಡು ಡ್ರಮ್ಮಿನ ಕೆಮಿಕಲ್ ಗನ್ನಿನ ತುದಿಯಲ್ಲಿ ಕೂಡಿ, ಬಡಿದ ಕೂಡಲೇ ಉಬ್ಬಿ ಗಟ್ಟಿಯಾಗುತ್ತದೆ. ಸುಳ್ಳು ಯಾಕೆ ಹೇಳಲಿ, ಕಾವು ನಿಜವಾಗಿಯೂ ಇಳಿಯಿತು. ಅವ್ವ ಮಧ್ಯಾಹ್ನ ನಿದ್ದೆ ಮಾಡತೊಡಗಿದಳು.

ಹೊಡೆದವರು ಹೇಳಿದ್ದು ಇಷ್ಟೇ: "ಇನ್ನ ಇಪ್ಪತ್ತ ವರ್ಷ ಮ್ಯಾಲ ನೋಡೂದ ಬ್ಯಾಡ್ರಿ ಅಣ್ಣಾರ." ವಿಮೆಯ ಮಾತೇ ಇಲ್ಲ.

ಈ ಮೇ ತಿಂಗಳ ಅಡ್ಡಮಳೆಗೆ ಗಾಳಿ ಎದ್ದು ಎರಡು ಪತ್ರಾಸ್ ಕಿತ್ತು ಹೋದವು. ಹಾಸಿಗೆ, ಟಿ.ವಿ., ಮಗಳ ಪುಸ್ತಕ ಎಲ್ಲಾ ನೀರಲ್ಲಿ. ಹಾನಿ ಲೆಕ್ಕ ಹಾಕಲು ವಿಮಾ ಕಂಪನಿಯ ಸರ್ವೇಯರ್ ಬಂದು ಮೇಲೆ ನೋಡಿದವರೇ ಕೇಳಿದ್ದು, "ಇದನ್ನ ಯಾವಾಗ ಹೊಡಿಸಿದ್ರಿ?" ಒಂದು ಕಡೆ ಫೋಮ್ ಕೆರೆಸಿ ನೋಡಿದರು. ಒಳಗೆ ಪತ್ರಾಸ್ ಕೂರಿಸುವ ಕಟ್ಟಿಗೆಯ ಪಟ್ಟಿ, ಅಂದರೆ ರೀಪು, ಕಪ್ಪಾಗಿ ಮೆತ್ತಗಾಗಿತ್ತು. ಬೋಲ್ಟಿನ ತೂತಿನಿಂದ ಇಳಿದ ನೀರು ಕೆಳಗೆ ಬರಲು ದಾರಿಯಿಲ್ಲದೆ ಪತ್ರಾಸಿಗೂ ಫೋಮಿಗೂ ನಡುವೆ ನಿಂತಿತ್ತು. ಕಟ್ಟಿಗೆ ಮೊದಲೇ ಕೊಳೆತಿತ್ತು, ಇದು ಹಳೇ ಹಾನಿ ಅಂತಲೂ ಪತ್ರದಲ್ಲಿ ಸೇರಿಸಿದ್ದಾರೆ.

ನನಗೆ ಸಿಟ್ಟು ಬರುವುದೇ ಇಲ್ಲಿ. ಫೋಮ್ ಮುಚ್ಚಿದ ಕಟ್ಟಿಗೆ ಕೊಳೆಯುವುದು ನನಗೆ ಹೇಗೆ ಕಾಣಬೇಕು? ಸೋರಿದ್ದರೆ ಗೊತ್ತಾಗುತ್ತಿತ್ತು, ಒಂದು ಹನಿಯೂ ಬೀಳಲಿಲ್ಲ. ಇಂಗ್ಲೆಂಡಿನಲ್ಲಿ ಅಟ್ಟಕ್ಕೆ ಫೋಮ್ ಹೊಡೆಸಿದ ಮನೆಗೆ ಸಾಲ ಕೊಡಲು ಎಷ್ಟೋ ಬ್ಯಾಂಕುಗಳು ಹಿಂಜರಿಯುವುದು ಇದೇ ಕಾರಣಕ್ಕಂತೆ, ಕಟ್ಟಿಗೆ ಕಾಣುವುದಿಲ್ಲ ಅಂತ. ಇಷ್ಟು ಗೊತ್ತಿರುವ ವಿಷಯವನ್ನು ಹೊಡೆಯುವವರು ಮೊದಲೇ ಹೇಳಬೇಕಿತ್ತು ಅಲ್ವಾ?

ಬೆಂಕಿ ಹತ್ತಿದ್ದರೆ ಕಂಪನಿಯ ಮಾತು ಒಪ್ಪುತ್ತಿದ್ದೆ. ಈ ಫೋಮ್ ಉರಿಯುತ್ತದೆ, ಅದರ ಹೊಗೆ ವಿಷ. ಅಪಾಯ ಜಾಸ್ತಿಯಾದರೆ ಪ್ರೀಮಿಯಂ ಜಾಸ್ತಿ ಕೇಳಲಿ, ಕೊಡುತ್ತಿದ್ದೆ. ಆದರೆ ಪತ್ರಾಸ್ ಕಿತ್ತದ್ದು ಗಾಳಿ. ರೀಪು ಮೆತ್ತಗಾಗಿದ್ದು ಒಂದು ಮೂಲೆಯಲ್ಲಿ, ಹಾರಿದ್ದು ಇನ್ನೊಂದು ಕಡೆಯವು. ಇದನ್ನು ಫೋಟೋ ಸಮೇತ ಬರೆದು ಕೊಟ್ಟಿದ್ದೇನೆ. ಯಾರೂ ಓದಿದಂತಿಲ್ಲ.

ಇನ್ನು ಏಜೆಂಟರು. ಫೋಮ್ ಹೊಡೆಸಿ ಎರಡೇ ತಿಂಗಳಿಗೆ ರಿನ್ಯೂವಲ್ ಇತ್ತು. ನಮ್ಮ ಮನೆಗೇ ಬಂದರು, ಅದೇ ಪಡಸಾಲೆಯಲ್ಲಿ ಕೂತು ಚಹಾ ಕುಡಿದರು, "ಭಾಳ ತಂಪೈತ್ರೀ ನಿಮ್ಮನಿ" ಅಂದರು! ಫೋನ್‌ಪೇ ಮಾಡಿಸಿಕೊಂಡು ಹೋದರು. ಮನೆಯಲ್ಲಿ ಏನಾದರೂ ಬದಲಾಗಿದೆಯಾ ಅಂತ ಒಂದು ಮಾತು ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆನಲ್ಲ. ಮುಚ್ಚಿಡಲು ಅದೇನು ಕಳವಿನ ಮಾಲಾ? ಪಾಲಿಸಿಯ ಸಣ್ಣ ಅಕ್ಷರದಲ್ಲಿ ಬರೆದಿದೆಯಂತೆ, ಕಟ್ಟಡದಲ್ಲಿ ಏನೇ ಬದಲಿಸಿದರೂ ತಿಳಿಸಬೇಕು ಅಂತ. ಹೌದು, ಬರೆದಿದೆ. ಇಂಗ್ಲಿಷಿನಲ್ಲಿ.

ಕಂಪನಿಯ ದೂರು ವಿಭಾಗಕ್ಕೆ ಬರೆದಿದ್ದೇನೆ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಕೊಡುತ್ತೇನೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ. ಫೋಮ್, ಫಾಲ್ಸ್ ಸೀಲಿಂಗ್, ಸೋಲಾರ್ ಏನೇ ಹಾಕಿಸಿದ್ದರೂ ಇವತ್ತೇ ನಿಮ್ಮ ಕಂಪನಿಗೆ ಒಂದು ಇಮೇಲ್ ಹಾಕಿ, ಅವರ ಉತ್ತರ ಇಟ್ಟುಕೊಳ್ಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಸದ್ಯಕ್ಕೆ ಆ ಎರಡು ಪತ್ರಾಸಿನ ಜಾಗದಲ್ಲಿ ತಾಡಪತ್ರಿ ಕಟ್ಟಿದ್ದೇನೆ. ಅವ್ವ ಪಕ್ಕದ ಮನೆಯಲ್ಲಿ ಮಲಗುತ್ತಿದ್ದಾಳೆ.