ಬಾವುಟ ಏರಿಸಿದ್ದು ಯಾವ ಇಸವಿಯಲ್ಲಿ ಅಂತ ಕೇಳಿ

ಇಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ನಮ್ಮ ಕನ್ನಡದವರ ನಡುವೆ ಕಾನ್ಫೆಡರೇಟ್ ಬಾವುಟದ, ಅಂದರೆ 1861-65ರ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಕಡೆಯ ಬಾವುಟದ, ಮಾತು ಬಂದರೆ ಎರಡು ಉತ್ತರ ಗ್ಯಾರಂಟಿ. "ಅದು ಅವರವರ ಜಗಳ ಮಾರಾಯ್ರೇ, ನಾವು ದುಡಿಯೋಕೆ ಬಂದವರು, ನಮಗ್ಯಾಕೆ?" ಅನ್ನೋದು ಒಂದು. "ಅವರ ಮುತ್ತಾತಂದಿರು ಯುದ್ಧದಲ್ಲಿ ಸತ್ತಿದ್ದಾರೆ, ಪರಂಪರೆ ಅಂತ ಇಟ್ಕೊಂಡಿದ್ದಾರೆ, ಇಟ್ಕೊಳ್ಳಲಿ ಬಿಡಿ" ಅನ್ನೋದು ಇನ್ನೊಂದು.

ಮೊದಲು ಈ ಪರಂಪರೆಯ ವಿಷಯಕ್ಕೇ ಬರ್ತೀನಿ.

ಸೇಬು ಕೀಳೋಕೆ ಎಲ್ಲಿಜೇ ಕಡೆ ಹೋಗುವಾಗ ಪಿಕಪ್ ಟ್ರಕ್ಕುಗಳ ಹಿಂದೆ ನೀವೂ ನೋಡಿರ್ತೀರಿ. ಕೆಂಪು ಬಟ್ಟೆ, ಅಡ್ಡಡ್ಡ ಹಾಯ್ದ ಎರಡು ನೀಲಿ ಪಟ್ಟಿ, ಅದರೊಳಗೆ 13 ಬಿಳಿ ನಕ್ಷತ್ರ. ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ರಾಷ್ಟ್ರಧ್ವಜ ಇದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಅವರ ಮೊದಲ ರಾಷ್ಟ್ರಧ್ವಜಕ್ಕೆ ಮೂರು ಉದ್ದ ಪಟ್ಟಿ, ಮೂಲೆಯ ನೀಲಿ ಚೌಕದಲ್ಲಿ ವೃತ್ತಾಕಾರವಾಗಿ ನಕ್ಷತ್ರಗಳಿದ್ದವು. ಅದು ಅಮೆರಿಕದ ಧ್ವಜವನ್ನೇ ಹೋಲುತ್ತಿದ್ದುದರಿಂದ 1861ರ ಬುಲ್ ರನ್ ಯುದ್ಧದ ಹೊಗೆ, ದೂಳಿನಲ್ಲಿ ನಮ್ಮವರ್‍ಯಾರು, ಶತ್ರು ಯಾರು ಅಂತ ಗೊತ್ತಾಗದೆ ಗೊಂದಲವಾಯಿತು. ಆಗ ಸೈನ್ಯಕ್ಕೆ ಅಂತ ಎತ್ತಿಕೊಂಡದ್ದು ಈ ಕೆಂಪು-ನೀಲಿ ಬಾವುಟ. ಕಾನ್ಫೆಡರೇಟ್ ಸಂಸತ್ತಿನ ಸದಸ್ಯ ವಿಲಿಯಂ ಪೋರ್ಚರ್ ಮೈಲ್ಸ್ ಅನ್ನುವವರು ಇದನ್ನು ರಾಷ್ಟ್ರಧ್ವಜಕ್ಕೇ ಸೂಚಿಸಿದ್ದರು, ಮೊದಲು ಒಪ್ಪಿಗೆ ಸಿಕ್ಕಿರಲಿಲ್ಲ.

1865ರಲ್ಲಿ ಯುದ್ಧ ಸೋತರು. ಆಮೇಲೆ ಬಹಳ ಕಾಲ ಈ ಬಾವುಟ ಹೆಚ್ಚಾಗಿ ಕಾಣಿಸುತ್ತಿದ್ದುದು ಹಳೇ ಸೈನಿಕರ ಕೂಟಗಳಲ್ಲಿ, ಸಮಾಧಿಗಳ ಬಳಿ. ಅಷ್ಟೇ ಆಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲವೇನೋ. ಆದರೆ ಸರ್ಕಾರಗಳು, ಪಕ್ಷಗಳು ಇದನ್ನು ಕೈಗೆತ್ತಿಕೊಂಡ ಇಸವಿಗಳನ್ನು ನೋಡಿ. ಮಿಸಿಸಿಪ್ಪಿ ತನ್ನ ರಾಜ್ಯಧ್ವಜಕ್ಕೆ ಇದನ್ನು ಸೇರಿಸಿದ್ದು 1894ರಲ್ಲಿ. ಕಪ್ಪು ಜನರ ಮತದ ಹಕ್ಕನ್ನು ಕಿತ್ತುಕೊಂಡ 1890ರ ಅದರ ಸಂವಿಧಾನದ ಶಾಯಿ ಇನ್ನೂ ಹಸಿಯಾಗಿತ್ತು. 1948ರಲ್ಲಿ ಸೌತ್ ಕೆರೊಲಿನಾದ ಗವರ್ನರ್ ಸ್ಟ್ರಾಮ್ ಥರ್ಮಂಡ್ ವರ್ಣಭೇದ ಉಳಿಸಲೆಂದೇ ಅಧ್ಯಕ್ಷ ಚುನಾವಣೆಗೆ ನಿಂತಾಗ ಸಭೆಗಳಲ್ಲಿ ಹಾರಾಡಿದ್ದು ಇದೇ. 1954ರಲ್ಲಿ ಶಾಲೆಗಳಲ್ಲಿ ಬಿಳಿಯರನ್ನೂ ಕಪ್ಪು ಮಕ್ಕಳನ್ನೂ ಬೇರೆ ಕೂರಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. 1956ರಲ್ಲಿ ನಮ್ಮ ಜಾರ್ಜಿಯಾ ತನ್ನ ಧ್ವಜದ ಸುಮಾರು ಮೂರರಲ್ಲಿ ಎರಡು ಭಾಗಕ್ಕೆ ಇದನ್ನು ತುಂಬಿಕೊಂಡಿತು. 91 ವರ್ಷ ಸುಮ್ಮನಿದ್ದ ತಾತನ ನೆನಪು ಕೋರ್ಟ್ ತೀರ್ಪು ಬಂದ ಎರಡೇ ವರ್ಷಕ್ಕೆ ಉಕ್ಕಿ ಬಂತಾ?

"ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ" ಅನ್ನುವವರಿಗೆ ನಾನು ಜಾಸ್ತಿ ಹೇಳೋದಿಲ್ಲ. ಕಾನ್ಫೆಡರೇಟ್ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಜಾರ್ಜಿಯಾದವರೇ, 1861ರ ಮಾರ್ಚ್‌ನಲ್ಲಿ ಸವಾನಾದಲ್ಲಿ ಮಾಡಿದ ಭಾಷಣ ಓದಿ. ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಅನ್ನುವುದೇ ಹೊಸ ಸರ್ಕಾರದ ಅಡಿಗಲ್ಲು ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರೆ.

ಪಕ್ಕದ ಸೌತ್ ಕೆರೊಲಿನಾದ ಕಥೆ ನಿಮಗೆ ನೆನಪಿರಬೇಕು. 2015ರ ಜೂನ್ 17ರಂದು ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಬೈಬಲ್ ಓದಲು ಕೂತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಒಬ್ಬ ಬಿಳಿ ಯುವಕ ಗುಂಡಿಟ್ಟು ಕೊಂದ. ಈ ಬಾವುಟ ಹಿಡಿದು ಅವನು ತೆಗೆಸಿಕೊಂಡ ಫೋಟೋಗಳು ಆಮೇಲೆ ಸಿಕ್ಕವು. ರಾಜ್ಯದ ರಾಜಧಾನಿ ಕೊಲಂಬಿಯಾದ ಶಾಸನಸಭೆಯ ಮೇಲೆ ದೇಶದ ಧ್ವಜ, ರಾಜ್ಯದ ಧ್ವಜ ಎರಡನ್ನೂ ಅರ್ಧಕ್ಕಿಳಿಸಿದರು. ಅಂಗಳದಲ್ಲಿದ್ದ ಕಾನ್ಫೆಡರೇಟ್ ಬಾವುಟ ಮಾತ್ರ ಇಳಿಯಲಿಲ್ಲ. ಶಾಸನಸಭೆ ಒಪ್ಪದೆ ಅದನ್ನು ಮುಟ್ಟುವಂತಿಲ್ಲ ಅಂತ 2000ದಲ್ಲಿ ಕಾನೂನು ಮಾಡಿಟ್ಟಿದ್ದರು. ಸತ್ತವರಲ್ಲಿ ಒಬ್ಬರು ಚರ್ಚಿನ ಪಾದ್ರಿ, ರಾಜ್ಯದ ಸೆನೆಟರ್ ಕೂಡ ಆಗಿದ್ದ ಕ್ಲೆಮೆಂಟಾ ಪಿಂಕ್ನಿ. ಅವರ ಶವಪೆಟ್ಟಿಗೆಯನ್ನು ಕುದುರೆಗಾಡಿಯಲ್ಲಿ ಅದೇ ಶಾಸನಸಭೆಗೆ ತಂದಾಗಲೂ ಬಾವುಟ ತುದಿಯಲ್ಲೇ ಹಾರುತ್ತಿತ್ತು. ಜುಲೈ 10ಕ್ಕೆ ಕೊನೆಗೂ ಇಳಿಯಿತು. ಸಹಿ ಹಾಕಿದ ಗವರ್ನರ್ ನಿಕ್ಕಿ ಹೇಲಿ, ಪಂಜಾಬಿನಿಂದ ಹೋದ ಸಿಖ್ ದಂಪತಿಯ ಮಗಳು. ಇಳಿಸಬೇಕು ಅಂತ ಸೆನೆಟ್‌ನಲ್ಲಿ ಮಾತಾಡಿದವರಲ್ಲಿ ಸ್ಟ್ರಾಮ್ ಥರ್ಮಂಡ್ ಮಗ ಪಾಲ್ ಥರ್ಮಂಡ್ ಕೂಡ ಒಬ್ಬರು.

ಈಗ ನಮ್ಮ ರಾಜ್ಯದ ತಮಾಷೆ ಕೇಳಿ. 1956ರ ಧ್ವಜವನ್ನು 2001ರಲ್ಲಿ ಗವರ್ನರ್ ರಾಯ್ ಬಾರ್ನ್ಸ್ ಬದಲಾಯಿಸಿದರು. ಹೊಸದು ಎಷ್ಟು ಕೆಟ್ಟದಾಗಿತ್ತು ಅಂದ್ರೆ, ಧ್ವಜಶಾಸ್ತ್ರದವರ ಸಮೀಕ್ಷೆಯಲ್ಲಿ ಉತ್ತರ ಅಮೆರಿಕದ 72 ಧ್ವಜಗಳ ಪೈಕಿ ಕೊನೆಯ ಸ್ಥಾನ ಬಂತು! ಮುಂದಿನ ಚುನಾವಣೆಯಲ್ಲಿ ಬಾರ್ನ್ಸ್ ಸೋತರು, ಧ್ವಜದ ಸಿಟ್ಟೂ ಅದಕ್ಕೊಂದು ಕಾರಣ. 2003ರಲ್ಲಿ ಮತ್ತೆ ಬದಲು. ಈಗಿರುವುದು ಮೂರು ಉದ್ದ ಪಟ್ಟಿ, ಮೂಲೆಯಲ್ಲಿ ನೀಲಿ ಚೌಕ, 13 ನಕ್ಷತ್ರಗಳ ವೃತ್ತ. ಹೌದು, ಮೇಲೆ ಹೇಳಿದ ಆ ಮೊದಲ ಕಾನ್ಫೆಡರೇಟ್ ರಾಷ್ಟ್ರಧ್ವಜವೇ, ನಡುವೆ ರಾಜ್ಯದ ಲಾಂಛನ ಸೇರಿದೆ ಅಷ್ಟೇ. ನಮ್ಮ ಮಕ್ಕಳ ಶಾಲೆಯ ಮುಂದೆ ದಿನಾ ಹಾರುತ್ತೆ. ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ.

ಯಾಕೆ? ಗುಲಾಮಗಿರಿಗಾಗಿ ಹುಟ್ಟಿದ ಸರ್ಕಾರದ ಧ್ವಜ ಅದೇ ತಾನೆ? ನನಗೆ ಅನ್ನಿಸುವುದು, ಆ ಧ್ವಜ ಹಿಡಿದುಕೊಂಡು ಯಾರ ಮನೆ ಬಾಗಿಲಿಗೂ ಗುಂಪು ಬಂದ ನೆನಪು ಜನರಲ್ಲಿಲ್ಲ. ಕಪ್ಪು ಜನರನ್ನು ಹೆದರಿಸುತ್ತಿದ್ದ ಬಿಳಿಯರ ಗುಂಪು ಕೂ ಕ್ಲಕ್ಸ್ ಕ್ಲಾನ್‌ನವರ ಕೈಯಲ್ಲಿ ಜನ ಕಂಡದ್ದು ಆ ಇನ್ನೊಂದನ್ನು. ಬಾವುಟದ ಅರ್ಥವನ್ನು ಹಿಡಿದವರನ್ನಷ್ಟೇ ಕೇಳಿದರೆ ಸಾಲದು, ಅದನ್ನು ಎದುರಿಗೆ ಕಂಡವರನ್ನೂ ಕೇಳಬೇಕು.

ಇದು ಕನ್ನಡದವರಿಗೆ ಅರ್ಥವಾಗದ ಮಾತೇನಲ್ಲ. ನಮ್ಮ ಹಳದಿ-ಕೆಂಪು ಬಾವುಟ ನನಗೆ ಪ್ರಾಣ. ನವೆಂಬರ್‌ನಲ್ಲಿ ಇಲ್ಲೂ ಹಾರಿಸ್ತೀವಿ, ಹಾರಿಸುತ್ತಲೇ ಇರ್ತೀವಿ. ಅದನ್ನು ಕಾನ್ಫೆಡರೇಟ್ ಬಾವುಟದ ಪಕ್ಕ ಇಡುವುದೇ ಅನ್ಯಾಯ. ಆದರೂ 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಗೆ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟುಹೋದ ದಿನ, ತಮಿಳು ಮಾತಾಡುವ ಒಬ್ಬ ಟ್ಯಾಕ್ಸಿ ಡ್ರೈವರ್‌ಗೆ ಅದೇ ಬಾವುಟ ರಸ್ತೆ ತಿರುವಿನಲ್ಲಿ ಕಂಡಾಗ ಹೇಗನ್ನಿಸಿರಬೇಕು? ಬಾವುಟದ ತಪ್ಪಲ್ಲ, ನಿಜ. ಹಾಗಂತ ಅವನ ಎದೆ ಹೊಡೆದುಕೊಂಡದ್ದು ಸುಳ್ಳಾಗುತ್ತಾ?

ಇನ್ನು "ನಮಗ್ಯಾಕೆ" ಅನ್ನುವವರಿಗೆ. ಸ್ವಾಮಿ, ನಾವು ಮನೆ ತಗೊಂಡು ಕೂತಿರೋ ಫೋರ್ಸೈತ್ ಕೌಂಟಿಯಿಂದ 1912ರಲ್ಲಿ ಸುಮಾರು 1,100 ಕಪ್ಪು ಜನರನ್ನು, ಅಂದರೆ ಇದ್ದವರಲ್ಲಿ ಹೆಚ್ಚುಕಮ್ಮಿ ಎಲ್ಲರನ್ನೂ, ಹೆದರಿಸಿ ಓಡಿಸಿದ್ದರು. ಎಷ್ಟೋ ಜನ ಹೊಲ, ಮನೆ ಬಿಟ್ಟು ರಾತ್ರೋರಾತ್ರಿ ಹೋದರು. 1987ರ ಜನವರಿಯಲ್ಲಿ ಇಲ್ಲಿ ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟ ಸಣ್ಣ ಗುಂಪಿನ ಮೇಲೆ ಕಲ್ಲು ಬಿತ್ತು. ಕಲ್ಲು ತೂರಿದವರ ಕಡೆ ಇದೇ ಬಾವುಟಗಳಿದ್ದವು. ಮುಂದಿನ ವಾರ ಸುಮಾರು 20,000 ಜನ ನ್ಯಾಷನಲ್ ಗಾರ್ಡ್ ಕಾವಲಿನಲ್ಲಿ ನಡೆದರು. ಆ ರಸ್ತೆಗಳ ಆಸುಪಾಸಿನಲ್ಲೇ ಇವತ್ತು ನಾವು ಸೋನಾ ಮಸೂರಿ ಮೂಟೆ, ನುಗ್ಗೇಕಾಯಿ ಕೊಳ್ಳುತ್ತಿದ್ದೇವೆ. ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಕೂಡ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಕಾಲದ್ದೇ. ಜಗಳ ಅವರದ್ದು, ಫಲ ನಮ್ಮದು ಅಂದರೆ ಹೇಗೆ?

ಹಾಗಂತ ಪಕ್ಕದ ಮನೆಯವನ ವರಾಂಡದಿಂದ ಬಾವುಟ ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಅವನ ಮನೆ, ಅವನ ಹಕ್ಕು. ಇಲ್ಲಿನ ಸಂವಿಧಾನ ಅದನ್ನು ಕಾಯುತ್ತೆ, ಕಾಯಲಿ. ಆದರೆ ಸರ್ಕಾರದ ಕಂಬ ಬೇರೆ. ಚಾರ್ಲ್ಸ್‌ಟನ್ ಹತ್ಯೆಯ ಮರುದಿನವೇ ಬಂದ ಒಂದು ತೀರ್ಪಿನಲ್ಲಿ, ವಾಹನದ ನಂಬರ್ ಪ್ಲೇಟ್ ಮೇಲೆ ಇರುವುದು ಸರ್ಕಾರದ ಮಾತು, ಈ ಚಿಹ್ನೆ ಬೇಡ ಅನ್ನಲು ಟೆಕ್ಸಸ್‌ಗೆ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. ನನ್ನ ಗೆರೆಯೂ ಅಲ್ಲೇ.

ಊರಿಂದ ಅಪ್ಪ-ಅಮ್ಮ ಬಂದಾಗ ಎಲ್ಲರೂ ಸ್ಟೋನ್ ಮೌಂಟನ್‌ಗೆ ಕರ್ಕೊಂಡು ಹೋಗ್ತೀರಲ್ಲ, ಬಂಡೆ ಮೇಲೆ ಟೋಪಿಯನ್ನು ಎದೆಗೆ ಹಿಡಿದು ಕುದುರೆ ಏರಿರೋ ಮೂವರು ಯಾರು ಅಂತ ಅವರು ಖಂಡಿತ ಕೇಳ್ತಾರೆ. ನಮ್ಮಪ್ಪ ಕೇಳಿದ್ರು. "ಡೇವಿಸ್, ಲೀ, ಜಾಕ್ಸನ್. ಗುಲಾಮಗಿರಿ ಕಡೆಯ ನಾಯಕರು, ಯುದ್ಧ ಸೋತವರು" ಅಂದೆ. "ಸೋತವರಿಗೆ ಇಷ್ಟು ದೊಡ್ಡ ಕಲ್ಲಾ?" ಅಂದ್ರು. ಕೆತ್ತನೆ ಮುಗಿದದ್ದು 1972ರಲ್ಲಿ ಅಂದೆ. ಹುಬ್ಬು ಹಾರಿಸಿದರು. ಮುಂದಿನ ಸಲ ಹೋಗುವವರು ಹಾಗೇ ನಮ್ಮ ಫೋರ್ಸೈತ್ ಕೌಂಟಿಯ ಕಮ್ಮಿಂಗ್ ಪೇಟೆಗೂ ಒಂದು ಸುತ್ತು ಹಾಕಿ. 1912ರಲ್ಲಿ ಅಲ್ಲಿ ಗುಂಪು ಕೊಂದ ಕಪ್ಪು ಯುವಕ ರಾಬ್ ಎಡ್ವರ್ಡ್ಸ್ ಹೆಸರಿನ ಫಲಕ 2021ರಲ್ಲಿ ಬಂದಿದೆ. ಓದೋಕೆ ಐದು ನಿಮಿಷ ಸಾಕು.