ಬೀಜ ಹಾಕುವ ಮುಂಚೆ ಹಿತ್ತಲಿನ ಹಳೇ ಕಥೆ ಕೇಳಿ

ಮಡಿಕೇರಿಯಲ್ಲಿ ನಾವಿರುವ ಬಾಡಿಗೆ ಮನೆಯ ಹಿಂದೆ ಒಂದಿಷ್ಟು ಜಾಗ ಇದೆ. ಮಳೆ ಬಿಟ್ಟ ಮೇಲೆ ಹರಿವೆ, ಮೂಲಂಗಿ ಹಾಕೋಣ ಅಂತ ಗುದ್ದಲಿ ಹಿಡಿದೆ. ಒಂದು ಗೇಣು ಅಗೆಯುವಷ್ಟರಲ್ಲಿ ಹೆಂಚಿನ ಚೂರು, ತುಕ್ಕು ಹಿಡಿದ ಬೋಲ್ಟು, ಆಯಿಲ್ ವಾಸನೆಯ ಕರಿ ಮಣ್ಣು. ಪಕ್ಕದ ಮನೆಯ ಆಂಟಿಯನ್ನು ಕೇಳಿದೆ. "ಅಲ್ಲಿ ಮೊದ್ಲು ಜೀಪ್ ರಿಪೇರಿ ಮಾಡ್ತಿದ್ರು. ಹಳೇ ಬ್ಯಾಟರಿ ಎಲ್ಲ ಅಲ್ಲೇ ಬಿದ್ದಿರ್ತಿತ್ತು" ಅಂದರು. ಬೀಜದ ಪೊಟ್ಟಣ ಎತ್ತಿಟ್ಟೆ.

ಕೊಡಗಿನ ಮಣ್ಣಲ್ಲಿ ಏನು ಹಾಕಿದರೂ ಬರುತ್ತದೆ ಅನ್ನುತ್ತಾರೆ. ಬರುತ್ತದೆ, ನಿಜ. ಆದರೆ ಬಂದದ್ದೆಲ್ಲ ತಿನ್ನುವಂತಿರಬೇಕಲ್ವಾ? ಪೇಟೆಯಲ್ಲಿ ಗುಡ್ಡ ಕಡಿದು ಸೈಟು ಮಾಡುವಾಗ ಮೇಲ್ಮಣ್ಣು ಎಲ್ಲೋ ಹೋಗಿರುತ್ತದೆ. ಒಡೆದ ಕಟ್ಟಡದ ಕಸ ತುಂಬಿ, ಮೇಲೆ ಕೆಂಪು ಮಣ್ಣು ಹರಡಿರುತ್ತಾರೆ.

ನನಗೆ ಹೆಚ್ಚು ಭಯ ಹಳೇ ಬ್ಯಾಟರಿಯೊಳಗಿರುವ ಸೀಸದ್ದು (ಲೆಡ್). ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲೇ ನಿಂತಿತು. ಆದರೆ ಸೀಸ ಕೊಳೆಯುವ ವಸ್ತುವಲ್ಲ. ರಸ್ತೆ ಬದಿಯಲ್ಲಿ, ಹಳೇ ಪೇಂಟ್ ಉದುರಿದ ಗೋಡೆಯ ಬುಡದಲ್ಲಿ ಹಾಗೇ ಕೂತಿರುತ್ತದೆ. ನಮ್ಮ ಮಳೆ ಇದನ್ನು ತೊಳೆದು ಕಳಿಸುವುದಿಲ್ಲ. ಬದಲಿಗೆ ಮಣ್ಣಿನ ಸುಣ್ಣದ ಅಂಶ ತೊಳೆದು ಹುಳಿ ಮಾಡುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ ತಾನೇ? ಮಣ್ಣು ಹುಳಿಯಾದಷ್ಟೂ ಸೀಸ ಬೇರಿಗೆ ಸುಲಭವಾಗಿ ಸಿಗುತ್ತದೆ. ಸೊಪ್ಪು, ಗಡ್ಡೆಗಳಲ್ಲಿ ಅಪಾಯ ಜಾಸ್ತಿ. ಬದನೆ, ಟೊಮೆಟೊದಂಥ ಕಾಯಿಗಳಲ್ಲಿ ಕಡಿಮೆ. ಮಣ್ಣಾಡಿದ ಕೈಯನ್ನು ಮಕ್ಕಳು ಹಾಗೇ ಬಾಯಿಗಿಡುತ್ತಾರಲ್ಲ, ನನಗೆ ಅದರದ್ದೇ ಚಿಂತೆ. ಬೆಳೆಯುವ ಮಿದುಳಿಗೆ ಸೀಸ ವಿಷ.

ತೋಟ ಒಡೆದು ಮಾಡಿದ ಸೈಟಾದರೆ ತಾಮ್ರವನ್ನೂ ನೋಡಿಸಿ. ಗಿಡದ ರೋಗಕ್ಕೆಂದು ವರ್ಷಗಟ್ಟಲೆ ಹೊಡೆದ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ತಾಮ್ರ ಮೇಲ್ಮಣ್ಣಲ್ಲೇ ಉಳಿಯುತ್ತದೆ.

ಸ್ಯಾಂಪಲ್ ತೆಗೆಯುವುದು ಕಷ್ಟವಲ್ಲ. ಏಳೆಂಟು ಕಡೆ 15 ಸೆಂಟಿಮೀಟರ್ ಆಳಕ್ಕೆ ಅಗೆದು, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಟ್ಟರೆ ಸಾಕು. ಗೋಡೆ ಬುಡದ ಮಣ್ಣು ಮಾತ್ರ ಬೇರೆ ಪೊಟ್ಟಣದಲ್ಲಿರಲಿ. ಒಂದು ವಿಷಯ ನೆನಪಿಡಿ. 2015ರಲ್ಲಿ ಶುರುವಾದ ಸರ್ಕಾರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ನೋಡುತ್ತಾರೆ. ಸಾರಜನಕ, ರಂಜಕ, ಪೊಟ್ಯಾಷ್, ಹುಳಿ, ತಾಮ್ರ ಎಲ್ಲ ಇದೆ, ಸೀಸ ಇಲ್ಲ. ರೈತರಿಗಾಗಿ ಮಾಡಿದ ಕಾರ್ಡು ಅದು, ತಪ್ಪು ಹುಡುಕುತ್ತಿಲ್ಲ. ಆದರೆ ಪೇಟೆಯಲ್ಲಿ ತರಕಾರಿ ಬೆಳೆಯುವವರಿಗೂ ಕಡಿಮೆ ದುಡ್ಡಿಗೆ ಸೀಸದ ಪರೀಕ್ಷೆ ಸಿಗಲೇಬೇಕು. ಸದ್ಯಕ್ಕೆ ಲ್ಯಾಬಿನಲ್ಲಿ ಅದನ್ನು ಹೆಸರು ಹೇಳಿಯೇ ಕೇಳಿ.

ನನ್ನ ಸ್ಯಾಂಪಲ್ ಲ್ಯಾಬಿಗೆ ಹೋಗಿದೆ. ಅಲ್ಲಿವರೆಗೆ ಊರಿನ ಗದ್ದೆ ಮಣ್ಣು, ಹಟ್ಟಿ ಗೊಬ್ಬರ ತುಂಬಿದ ನಾಲ್ಕು ಚೀಲ ಟೆರೇಸಿನ ಮೇಲಿದೆ. ಹರಿವೆ ಎರಡೆಲೆ ಬಿಟ್ಟಿದೆ.